ಕೈ ನಡುಗದಿರಲು ಏನು ಬೇಕು?

ಈಚೆಗೆ ನಮ್ಮ ವಾರ್ಡಿಗೆ ಸೇರಿದ ಸ್ಟಾಫ್ ನರ್ಸ್‌ಗಳಲ್ಲಿ ಹೆಚ್ಚಿನವರು ಕೋವಿಡ್ ಬಂದಾಗ ಇನ್ನೂ ಓದುತ್ತಿದ್ದವರು. ಕೆಲವರು ಪಿಯುಸಿಯಲ್ಲಿದ್ದರು. ಕೆಲವರು ನರ್ಸಿಂಗ್ ಮೊದಲ ವರ್ಷದ ಪಾಠವನ್ನು ಮೊಬೈಲಿನಲ್ಲೇ ಕೇಳಿದವರು. ನೈಟ್ ಡ್ಯೂಟಿಯಲ್ಲಿ ಸ್ವಲ್ಪ ಬಿಡುವು ಸಿಕ್ಕರೆ ಆ ದಿನಗಳ ಬಗ್ಗೆ ಕೇಳುತ್ತಾರೆ. "ಅಕ್ಕಾರ, ಆವಾಗ ನಿಮಗ ಹೆದರಿಕಿ ಆಗ್ಲಿಲ್ಲೇನ್ರಿ?" ಆಗಿತ್ತು ಅಂತ ಹೇಳೋದು ಸುಲಭ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. "ಮತ್ತ ಹೆಂಗ ಕೆಲಸ ಮಾಡಿದ್ರಿ?"

ನಾನು ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಆ ಎರಡನೇ ಪ್ರಶ್ನೆಗೆ ಕರ್ತವ್ಯ, ಧೈರ್ಯ, ದೇವರ ದಯೆ ಅಂತ ಉತ್ತರ ಕೊಟ್ಟು ಸುಮ್ಮನಾಗಬಹುದು. ಅದರಿಂದ ಈ ಹುಡುಗಿಯರಿಗೆ ಏನೂ ಸಿಗುವುದಿಲ್ಲ. ಮುಂದೆ ಇಂಥದ್ದೇ ಇನ್ನೊಂದು ಬಂದರೆ ವಾರ್ಡಿನಲ್ಲಿ ನಿಲ್ಲುವವರು ಅವರು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕೋವಿಡ್ ಬರುವ ಹೊತ್ತಿಗೆ ನಮ್ಮ ಜಿಲ್ಲೆ ಆಗಲೇ ದಣಿದಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆ ಉಕ್ಕಿ ಊರಿಗೆ ಊರೇ ನೀರಲ್ಲಿ ನಿಂತಿದ್ದವು. ಗಂಜಿ ಕೇಂದ್ರಗಳಲ್ಲಿ ಜ್ವರ, ಭೇದಿ ನೋಡುತ್ತಾ ವಾರಗಟ್ಟಲೆ ಓಡಾಡಿದ ಜನವೇ ನಾವು. ಏಳು ತಿಂಗಳಾಗುವಷ್ಟರಲ್ಲಿ ಇದು ಬಂತು. 2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಅಂತ ಕರೆಯಿತು. ಅದೇ ವಾರ ದೇಶದ ಮೊದಲ ಕೋವಿಡ್ ಸಾವು ನಮ್ಮ ಉತ್ತರ ಕರ್ನಾಟಕದ ಕಲಬುರಗಿಯಲ್ಲೇ ಆಗಿದೆ ಅಂತ ಗೊತ್ತಾಯಿತು. ಲಾಕ್‌ಡೌನ್ ಶುರುವಾದ ಮಾರ್ಚ್ 25 ಯುಗಾದಿ. ಬೇವು ಕುಡಿದು ಡ್ಯೂಟಿಗೆ ಹೊರಟರೆ ರಸ್ತೆಯಲ್ಲಿ ಪೊಲೀಸರನ್ನು ಬಿಟ್ಟು ಯಾರೂ ಇರಲಿಲ್ಲ.

ಆಗ ನಮಗಿದ್ದ ಹೆದರಿಕೆ ಎರಡು ಥರದ್ದು. ಒಂದು ಎಲ್ಲರಿಗೂ ಗೊತ್ತಿರುವುದೇ. ನನಗೆ ಬಂದರೆ ಏನು, ನನ್ನಿಂದ ಮನೆಯಲ್ಲಿರುವ ಅತ್ತೆಗೆ, ಮಕ್ಕಳಿಗೆ ಬಂದರೆ ಏನು ಅನ್ನೋದು. ಇದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಬಾಗಿಲ ಹೊರಗೆ ಬಟ್ಟೆ ಬಿಚ್ಚಿ ಬಕೆಟ್‌ಗೆ ಹಾಕುವುದು, ಮಗುವನ್ನು ತವರಿಗೆ ಕಳಿಸುವುದು, ಪಂಚಮಿಗೂ ತವರಿಗೆ ಹೋಗದಿರುವುದು, ಇದನ್ನೆಲ್ಲ ಮಾತಾಡಿಕೊಂಡು ಹಗುರಾಗುತ್ತಿದ್ದೆವು.

ಇನ್ನೊಂದು ಹೆದರಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈ ಕೆಲಸ ನನ್ನ ಕೈಲಿ ಆಗುತ್ತಾ ಅನ್ನೋದು.

ತಾಲ್ಲೂಕು ಆಸ್ಪತ್ರೆ ಅಂದರೆ ಹೆರಿಗೆ, ಜ್ವರ, ಆಕ್ಸಿಡೆಂಟ್, ಹಾವು ಕಡಿದವರು, ಕೀಟನಾಶಕ ಕುಡಿದವರು. ಇದರಲ್ಲಿ ನಮ್ಮ ಹಿರಿಯ ನರ್ಸ್‌ಗಳನ್ನು ಮೀರಿಸುವವರಿಲ್ಲ. ಹಾವು ಕಡಿದವರು ಬಂದರೆ ಗಾಜಿನ ಟ್ಯೂಬಿನಲ್ಲಿ ರಕ್ತ ತೆಗೆದು 20 ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟಿತಾ ಇಲ್ಲವಾ ನೋಡುವುದು ಅವರಿಗೆ ಚಹಾ ಮಾಡಿದಷ್ಟು ಸಲೀಸು. ಆಗಷ್ಟೇ ಹುಟ್ಟಿದ ಮಗುವಿನ ಕೈಯಲ್ಲಿ ನರ ಹುಡುಕಿ ಸೂಜಿ ಹಾಕಬಲ್ಲವರು ಅವರು. ಅಂಥವರನ್ನು ಪಿಪಿಇ ಕಿಟ್ ಹಾಕಿಸಿ, ಎಂದೂ ನೋಡದ ಯಂತ್ರದ ಮುಂದೆ, ಎಂದೂ ಓದದ ರೋಗದ ಮುಂದೆ ನಿಲ್ಲಿಸಿದಾಗ ಇಪ್ಪತ್ತು ವರ್ಷದ ಅನುಭವವೆಲ್ಲ ಕೈಬಿಟ್ಟ ಹಾಗಾಯಿತು. ಒಬ್ಬ ಹಿರಿಯ ಸಿಸ್ಟರ್ ನನ್ನ ಹತ್ತಿರ ಮೆಲ್ಲಗೆ ಹೇಳಿದ್ದರು. "ಸಾಯೂ ಹೆದರಿಕಿ ಇಲ್ಲವಾ ನನಗ. ನನ್ನ ಕೈಯಾಗ ಯಾರರೆ ಸತ್ತರ ಅಂತ ಹೆದರಿಕಿ." ನನಗೆ ಇವತ್ತಿಗೂ ಅನ್ನಿಸುವುದು, ನಿದ್ದೆ ಕೆಡಿಸಿದ್ದು ಹೆಚ್ಚಾಗಿ ಈ ಎರಡನೇ ಹೆದರಿಕೆಯೇ.

ಅದು ಹೇಗೆ ಕಡಿಮೆಯಾಯಿತು ಅನ್ನೋದಕ್ಕೆ ಒಂದು ಸಂಗತಿ ಹೇಳುತ್ತೇನೆ.

ಮೊದಲ ಅಲೆಯ ಹೊತ್ತಿಗೆ ನಮ್ಮಲ್ಲಿ ಎಲ್ಲ ಹಾಸಿಗೆಗೂ ಆಕ್ಸಿಜನ್ ಪೈಪ್‌ಲೈನ್ ಇರಲಿಲ್ಲ. ಜಂಬೋ ಸಿಲಿಂಡರ್ ಮೇಲೇ ನಡೆಯಬೇಕಿತ್ತು. ಅದನ್ನು ಬದಲಿಸುವುದು ನರ್ಸ್‌ಗಳ ಕೆಲಸ ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ. ಗ್ರೂಪ್ ಡಿಯ ಕಾಕಾ ಒಬ್ಬರು ಮಾಡುತ್ತಿದ್ದರು. ಆದರೆ ಕೋವಿಡ್ ವಾರ್ಡಿನೊಳಗೆ ಅವರು ಹಗಲು ರಾತ್ರಿ ಇರೋಕಾಗುತ್ತಾ? ಒಂದು ಮಧ್ಯಾಹ್ನ ಅವರೇ ನಮ್ಮನ್ನು ಸ್ಟೋರ್ ಹಿಂದಿನ ಶೆಡ್ಡಿಗೆ ಕರೆದರು. ಒಬ್ಬೊಬ್ಬರ ಕೈಯಲ್ಲೂ ನಟ್ ಬಿಗಿ ಮಾಡುವ ಪಾನಾ ಕೊಟ್ಟರು.

"ಮೊದಲ ಕೈ ನೋಡ್ಕೋರಿ. ಎಣ್ಣಿ, ವ್ಯಾಸಲೀನ್ ಏನೂ ಇರಬಾರದು. ಆಕ್ಸಿಜನ್ನಿಗೂ ಎಣ್ಣಿಗೂ ಆಗಿಬರೂದಿಲ್ಲ. ಬೆಂಕಿ ಹತ್ತತೈತಿ." ಆಮೇಲೆ ಸಿಲಿಂಡರಿನ ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಚಾವಿಯಿಂದ ವಾಲ್ವನ್ನು ಚೂರೇ ಚೂರು ತೆರೆದು ತಕ್ಷಣ ಮುಚ್ಚಿದರು. ಭುಸ್ ಅಂತ ಸದ್ದಾಯಿತು. ಇಬ್ಬರು ಹಿಂದೆ ಸರಿದೆವು. ಬಾಯಲ್ಲಿ ಕೂತ ದೂಳು ಹೋಗಲಿ ಅಂತ ಹಾಗೆ ಮಾಡುವುದು. ಆಮೇಲೆ ವಾಷರ್ ಇದೆಯಾ ಅಂತ ನೋಡಿ, ರೆಗ್ಯುಲೇಟರ್ ನೇರವಾಗಿ ಕೂರಿಸಿ, ಪಾನಾದಿಂದ ಬಿಗಿ ಮಾಡಿದರು. "ಈಗ ಸಾವಕಾಶ ತಗೀರಿ. ಅವಸರ ಮಾಡಬ್ಯಾಡ್ರಿ." ಒಳಗಿನ ಒತ್ತಡ ತೋರಿಸುವ ಮುಳ್ಳು ಏರಿತು. ಎಲ್ಲಾದರೂ ಸುಯ್ ಅನ್ನುತ್ತಿದೆಯಾ ಅಂತ ಕಿವಿಗೊಟ್ಟು ಕೇಳಬೇಕು. ಫ್ಲೋಮೀಟರಿನ ಗುಂಡು ಎಷ್ಟನೇ ಗೆರೆಗೆ ನಿಂತಿತು ನೋಡಬೇಕು. ನೀರಿನ ಬಾಟಲಿಯಲ್ಲಿ ಗುಳ್ಳೆ ಏಳಬೇಕು. ಅಷ್ಟೇ.

ಅದನ್ನು ಬರಿಗೈಯಲ್ಲಿ ಮಾಡಿಸಿದರು. ಆಮೇಲೆ ಎರಡು ಗ್ಲೌಸ್ ಹಾಕಿಸಿ ಮಾಡಿಸಿದರು. ಕೊನೆಗೆ ಕಣ್ಣು ಮುಚ್ಚಿ ಪಾನಾ ಕೂರಿಸಿ ಅಂದರು. ಯಾಕೆ ಅಂತ ಆಗ ತಿಳಿಯಲಿಲ್ಲ. ಕಿಟ್ ಹಾಕಿಕೊಂಡು ಒಳಗೆ ಹೋಗಿ, ಕನ್ನಡಕದೊಳಗೆ ಉಸಿರಿನ ಹಬೆ ತುಂಬಿ ಎದುರಿನ ಹಾಸಿಗೆಯೂ ಮಸುಕಾದಾಗ ತಿಳಿಯಿತು.

ಲೆಕ್ಕವನ್ನು ನಮ್ಮ ಡಾಕ್ಟರ್ ಹೇಳಿಕೊಟ್ಟರು. ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 5 ಲೀಟರ್ ಹೋದರೆ 23 ಗಂಟೆ ಬರುತ್ತದೆ. 10 ಲೀಟರ್ ಆದರೆ ಹನ್ನೊಂದೂವರೆ ಗಂಟೆ. ಚೀಲ ಇರುವ ಮಾಸ್ಕಿಗೆ 15 ಲೀಟರ್ ಬಿಟ್ಟರೆ ಎಂಟು ಗಂಟೆಯೂ ಪೂರ್ತಿ ಬರಲ್ಲ. ನಿಮಿಷಕ್ಕೆ 60 ಲೀಟರ್ ಎಳೆಯುವ ಹೈ ಫ್ಲೋ ಯಂತ್ರಕ್ಕೆ ಎರಡು ಗಂಟೆಗೂ ಸಾಲಲ್ಲ. ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಉಳಿದಿರುವುದೂ ಅರ್ಧವೇ. ಈ ಲೆಕ್ಕವನ್ನು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಅಲ್ಲಿಯವರೆಗೆ ಸಿಲಿಂಡರ್ ಅಂದರೆ ಯಾವಾಗ ಮುಗಿಯುತ್ತೋ ಅನ್ನುವ ದಿಗಿಲು. ಆಮೇಲೆ, ಇದು ಬೆಳಗಿನ ನಾಲ್ಕಕ್ಕೆ ಮುಗಿಯುತ್ತೆ, ಮೂರೂವರೆಗೆ ಬದಲಿಸಬೇಕು ಅನ್ನುವ ಕೆಲಸ. ರೋಗ ಅದೇ, ವಾರ್ಡೂ ಅದೇ. ಕೈ ಮಾತ್ರ ನಡುಗುವುದು ಬಿಟ್ಟಿತು.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ವಿವರಣೆ ಇದೆ. ನಾನು ಅದನ್ನು ಓದಿದ್ದು ಆಮೇಲೆ. ಆಲ್ಬರ್ಟ್ ಬಂಡೂರಾ ಅಂತ, ಕೆನಡಾದಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. ಒಂದು ಕೆಲಸ ನನ್ನ ಕೈಲಿ ಆಗುತ್ತೆ ಅನ್ನುವ ನಂಬಿಕೆ ಎಲ್ಲಿಂದ ಬರುತ್ತೆ ಅಂತ 1977ರಲ್ಲಿ ಅವರು ಬರೆದ ಲೇಖನ ಇವತ್ತಿಗೂ ಓದಿಸಿಕೊಳ್ಳುತ್ತದೆ. ಅವರು ಇದನ್ನು ಕಂಡುಕೊಂಡ ದಾರಿಯಲ್ಲಿ ಹಾವುಗಳೂ ಇವೆ. ಹಾವು ಅಂದರೆ ಜೀವ ಹೋಗುವಷ್ಟು ಹೆದರುವವರನ್ನು ಕರೆದು, ಮೊದಲು ಬೇರೆಯವರು ಹಾವು ಹಿಡಿಯುವುದನ್ನು ದೂರದಿಂದ ನೋಡಲು ಬಿಡುತ್ತಿದ್ದರು. ಆಮೇಲೆ ಬಾಗಿಲವರೆಗೆ. ಆಮೇಲೆ ಕೋಣೆಯೊಳಗೆ. ದಪ್ಪ ಗ್ಲೌಸ್ ಹಾಕಿಸಿ ಮುಟ್ಟಿಸುವುದು, ಕೊನೆಗೆ ಬರಿಗೈಯಲ್ಲಿ ಹಿಡಿಸುವುದು. ಹೀಗೆ ಹೆಜ್ಜೆ ಹೆಜ್ಜೆಯಾಗಿ ತಮ್ಮ ಕೈಯಾರೆ ಮಾಡಿದವರ ಹೆದರಿಕೆ, ಸುಮ್ನೆ ಕೂತು ನೋಡಿದವರಿಗಿಂತ ಜಾಸ್ತಿ ಇಳಿಯಿತು. ನಮ್ಮ ಕಾಕಾ ಶೆಡ್ಡಿನಲ್ಲಿ ಮಾಡಿಸಿದ್ದು ಇದನ್ನೇ ಅಲ್ವಾ? ಅವರು ಬಂಡೂರಾ ಹೆಸರು ಕೇಳಿದವರಲ್ಲ.

ಬಂಡೂರಾ ಹೇಳುವಂತೆ ಎಲ್ಲಕ್ಕಿಂತ ಗಟ್ಟಿಯಾದದ್ದು ತಾನೇ ಮಾಡಿ ಗೆದ್ದ ಅನುಭವ. ಅದರ ನಂತರ ಬರುವುದು ತನ್ನಂಥವರೇ ಮಾಡಿದ್ದನ್ನು ಕಣ್ಣಾರೆ ನೋಡುವುದು. ಇಲ್ಲಿ 'ತನ್ನಂಥವರೇ' ಅನ್ನೋದು ಬಹಳ ಮುಖ್ಯ. ದೊಡ್ಡ ಆಸ್ಪತ್ರೆಯ ದೊಡ್ಡ ಡಾಕ್ಟರ್ ವಿಡಿಯೊದಲ್ಲಿ ಕಿಟ್ ಹಾಕಿ ತೆಗೆಯುವುದನ್ನು ನಾವು ಎಷ್ಟೋ ಸಲ ನೋಡಿದ್ದೆವು. ಅದರಿಂದ ಕ್ರಮ ಗೊತ್ತಾಯಿತು, ಧೈರ್ಯ ಬರಲಿಲ್ಲ. ನಮ್ಮ ಜೊತೆಯವಳೇ, ನಮ್ಮ ಹಾಗೇ ಬಾಡಿಗೆ ಮನೆ, ಎರಡು ಮಕ್ಕಳು ಇರುವವಳೇ ಮೊದಲ ದಿನ ಒಳಗೆ ಹೋಗಿ, ಆರು ಗಂಟೆ ನೀರಿಲ್ಲದೆ ಕೆಲಸ ಮಾಡಿ, ಬೆವರಲ್ಲಿ ತೊಯ್ದು ಹೊರಗೆ ಬಂದು "ಆಗತೈತ್ರಿ, ಅಷ್ಟೇನ್ ಇಲ್ಲ" ಅಂದಾಗ ಧೈರ್ಯ ಬಂತು. ಆಕೆಯ ಕೈಯಲ್ಲಿ ಆದರೆ ನನಗ್ಯಾಕೆ ಆಗಲ್ಲ?

ಮೂರನೆಯದು ಮಾತು. ಇದರ ಬಗ್ಗೆ ನನಗೆ ಸ್ವಲ್ಪ ಹೇಳಬೇಕಿದೆ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಇಡೀ ದೇಶ ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ನಮ್ಮ ಓಣಿಯಲ್ಲೂ ಬಡಿದರು. ನನಗೆ ಕಣ್ಣು ತುಂಬಿ ಬಂದಿತ್ತು, ಇವತ್ತಿಗೂ ಆ ಜನರ ಮೇಲೆ ಪ್ರೀತಿ ಇದೆ. ಆದರೆ ವಾರ್ಡಿನೊಳಗೆ ಒಬ್ಬರ ಸ್ಯಾಚುರೇಷನ್, ಅಂದರೆ ರಕ್ತದಲ್ಲಿರುವ ಆಕ್ಸಿಜನ್ ಪ್ರಮಾಣ, ಶೇ. 84ಕ್ಕೆ ಇಳಿದಾಗ ಆ ಚಪ್ಪಾಳೆ ಉಪಯೋಗಕ್ಕೆ ಬರುವುದಿಲ್ಲ. ಬಾವಿ ದಂಡೆಯ ಮೇಲೆ ನಿಂತು ಹೆದರಬೇಡ, ಹೆದರಬೇಡ ಅಂತ ಕೂಗಿದರೆ ಒಳಗಿದ್ದವನಿಗೆ ಈಜು ಬರುತ್ತದೆಯೇ? ನಮ್ಮ ಡಾಕ್ಟರ್ ಒಬ್ಬರು ಮಾತಾಡುತ್ತಿದ್ದ ರೀತಿ ಬೇರೆ ಇತ್ತು. "ಸಿಸ್ಟರ್, ನಿನ್ನೆ ಆ ಅಜ್ಜಗ ನೀವು ಡಬ್ಬ ಮಲಗಿಸಿದ್ರಲ್ಲ, ಅರ್ಧ ತಾಸಿನಾಗ ಸ್ಯಾಚುರೇಷನ್ ಏರಿತು. ಇವರಿಗೂ ಹಂಗ ಮಾಡ್ರಿ. ನಾ ಹತ್ತು ನಿಮಿಷ ಬಿಟ್ಟು ಬರ್ತೀನಿ." ನಾನು ನಿನ್ನೆ ಮಾಡಿದ ಒಂದು ಕೆಲಸವನ್ನು ಅವರು ನೋಡಿದ್ದಾರೆ. ಅದು ಸರಿ ಇತ್ತು ಅಂತ ಹೇಳಿದ್ದಾರೆ. ಹತ್ತು ನಿಮಿಷಕ್ಕೆ ಬರುತ್ತೇನೆ ಅಂದವರು ಬರುತ್ತಾರೆ. ಇಂಥ ಮಾತು ಕೈಗೆ ಬಲ ಕೊಡುತ್ತದೆ.

ಹೊಟ್ಟೆ ಕೆಳಗೆ ಮಾಡಿ ಮಲಗಿಸುವ ಈ ಉಪಾಯ 2021ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ಸೂಚನೆಯಾಗಿ ಮನೆ ಮನೆಗೂ ತಲುಪಿತು. ಬೆನ್ನಿನ ಕಡೆಯ ಶ್ವಾಸಕೋಶಕ್ಕೆ ಬಿದ್ದ ಭಾರ ತಪ್ಪಿ, ಅಲ್ಲಿ ಗಾಳಿ ಆಡಲು ದಾರಿಯಾಗುತ್ತದೆ. ಯಂತ್ರ ಬೇಡ, ಒಂದೆರಡು ದಿಂಬು ಸಾಕು. "ಕಾಕಾ, ಜರಾ ಡಬ್ಬ ಮಕ್ಕೋರಿ" ಅಂದು ಎದೆ ಕೆಳಗೊಂದು, ಸೊಂಟದ ಕೆಳಗೊಂದು ದಿಂಬು ಇಟ್ಟು, ಬೆರಳಿಗೆ ಹಾಕಿದ ಆಕ್ಸಿಮೀಟರ್ ನೋಡುತ್ತಾ ನಿಲ್ಲುವುದು. ಎಲ್ಲರಿಗೂ ಏರುತ್ತಿರಲಿಲ್ಲ. ಏರಿದಾಗ ಮಾತ್ರ ಆ ಇಡೀ ಡ್ಯೂಟಿ ಸಲೀಸಾಗುತ್ತಿತ್ತು.

ನಾಲ್ಕನೆಯದು ಮೈ. ಎದೆ ಬಡಿತ ಜೋರಾಯಿತು, ಬಾಯಿ ಒಣಗಿತು ಅಂದರೆ ನನ್ನ ಕೈಲಿ ಆಗಲ್ಲ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ. ನಲವತ್ತರ ಮೇಲೆ ಸೆಖೆ, ಮೈ ಪೂರ್ತಿ ಪ್ಲಾಸ್ಟಿಕ್, ಎನ್-95 ಮಾಸ್ಕ್, ಮೂತ್ರಕ್ಕೆ ಹೋಗುವ ಹಾಗಿಲ್ಲ ಅಂತ ನೀರು ಕುಡಿಯದೆ ಒಳಗೆ ಹೋಗುವುದು. ತಿಂಗಳ ಮುಟ್ಟಿನ ದಿನಗಳಲ್ಲಿ ಏನು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಸ್ಥಿತಿಯಲ್ಲಿ ಯಾರ ಎದೆಯಾದರೂ ಹೊಡೆದುಕೊಳ್ಳುತ್ತದೆ. ಅದು ಸೆಖೆಯದ್ದು, ನೀರಡಿಕೆಯದ್ದು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಅರ್ಧ ದಿಗಿಲು ಇಳಿಯುತ್ತಿತ್ತು. ಡ್ಯೂಟಿಯ ಅವಧಿಯನ್ನು ನಾಲ್ಕು ಗಂಟೆಗೆ ಇಳಿಸಿದ ಮೇಲೆ ಅದೇ ಜನ, ಅದೇ ವಾರ್ಡಿನಲ್ಲಿ ಬೇರೆಯವರೇ ಆದಂತೆ ಕೆಲಸ ಮಾಡಿದರು.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹೇಳದಿದ್ದರೆ ತಪ್ಪಾಗುತ್ತದೆ.

ಎರಡನೇ ಅಲೆ ಬಂದಾಗ ನಮಗೆ ಕೆಲಸ ಬರುತ್ತಿತ್ತು. 2021ರ ಜನವರಿ 16ಕ್ಕೆ ಲಸಿಕೆ ಶುರುವಾಗಿ ಆರೋಗ್ಯ ಸಿಬ್ಬಂದಿಗೇ ಮೊದಲು ಹಾಕಿದ್ದರಿಂದ ಸಾಯುವ ಭಯವೂ ಕಡಿಮೆಯಾಗಿತ್ತು. ಆದರೂ ಮನಸ್ಸು ಮುರಿದದ್ದು ಆಗಲೇ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. ಅದಕ್ಕೆ ಮೂರು ದಿನ ಮೊದಲಷ್ಟೇ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯ ನಡುವೆ ಒಂದೇ ದಿನದಲ್ಲಿ 24 ಜನ ತೀರಿಹೋದ ಸುದ್ದಿ. ಆ ಸುದ್ದಿ ಓದಿದ ರಾತ್ರಿ ನಮ್ಮಲ್ಲಿ ಪ್ರತಿಯೊಬ್ಬರೂ ಸಿಲಿಂಡರಿನ ಮುಳ್ಳನ್ನು ಮತ್ತೆ ಮತ್ತೆ ಹೋಗಿ ನೋಡಿದೆವು.

ಸಿಲಿಂಡರ್ ಬದಲಿಸುವುದು ಗೊತ್ತಿದ್ದು ಏನು ಮಾಡೋದು, ತುಂಬಿದ ಸಿಲಿಂಡರೇ ಇಲ್ಲದಿದ್ದರೆ? ಹಾಸಿಗೆ ಇಲ್ಲ ಅಂತ ಹೇಳಿ ಕಳಿಸುವುದು ನರ್ಸ್ ಕಲಿತ ಕೆಲಸವೇ ಅಲ್ಲ. ಗೇಟಿನ ಹತ್ತಿರ ಟಂಟಂ ಗಾಡಿಯಲ್ಲಿ ಅವ್ವನನ್ನು ಮಲಗಿಸಿಕೊಂಡು ಬಂದ ಮಗನಿಗೆ ಬಾಗಲಕೋಟೆಗೆ ಹೋಗಿ ಅಂತ ಹೇಳುವಾಗ, ಅಲ್ಲೂ ಹಾಸಿಗೆ ಸಿಗುತ್ತೋ ಇಲ್ಲವೋ ಗೊತ್ತಿರಲಿಲ್ಲ. ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತಿದ್ದೂ ಮಾಡಲಾಗದೆ ನಿಲ್ಲುವ ಈ ನೋವು ದಣಿವಿನ ಥರ ಅಲ್ಲ. ದಣಿವು ನಿದ್ದೆ ಮಾಡಿದರೆ ಹೋಗುತ್ತದೆ. ಇದು ನಿದ್ದೆಯಲ್ಲೂ ಬರುತ್ತದೆ. ಯುದ್ಧದಿಂದ ಬಂದ ಸೈನಿಕರಲ್ಲಿ ವೈದ್ಯರು ಗುರುತಿಸಿದ ಆತ್ಮಸಾಕ್ಷಿಯ ಗಾಯದ ಬಗ್ಗೆ ಕೋವಿಡ್ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ವಿಷಯದಲ್ಲೂ ಮಾತು ಬಂದದ್ದು ಇದಕ್ಕೇ.

ಹಾಗಾಗಿ, ನಿನ್ನಲ್ಲಿ ನಂಬಿಕೆ ಇಡು, ಎಲ್ಲಾ ಆಗುತ್ತೆ ಅಂತ ತರಬೇತಿಗಳಲ್ಲಿ ಹೇಳುವಾಗ ನನಗೆ ಸಂಕಟವಾಗುತ್ತದೆ. ಸಾಮಾನು ಕೊಡದೆ, ಜನ ಕೊಡದೆ ನಂಬಿಕೆ ಮಾತ್ರ ಇಡು ಅಂದರೆ, ಆಗದೇ ಹೋದ ದಿನ ಆಕೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯನ್ನು 2020ರ ಆರಂಭದಲ್ಲೇ ಮಾತಾಡಿಸಿ ಮಾಡಿದ ಅಧ್ಯಯನವೊಂದಿದೆ. ಅವರಲ್ಲಿ ಅರ್ಧದಷ್ಟು ಜನರಲ್ಲಿ, ಅಂದರೆ ಶೇ. 50.4ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣ ಇತ್ತು. ಶೇ. 44.6 ಮಂದಿಗೆ ಆತಂಕ, ಶೇ. 34 ಮಂದಿಗೆ ನಿದ್ದೆಯ ತೊಂದರೆ. ತೀವ್ರತೆ ಹೆಚ್ಚಿದ್ದದ್ದು ನರ್ಸ್‌ಗಳಲ್ಲಿ, ಹೆಂಗಸರಲ್ಲಿ, ರೋಗಿಯ ಪಕ್ಕದಲ್ಲೇ ನಿಂತವರಲ್ಲಿ. ಅಷ್ಟೊಂದು ಜನಕ್ಕೆ ಒಟ್ಟಿಗೆ ಧೈರ್ಯ ಕಡಿಮೆಯಾಯಿತು ಅಂತ ಹೇಳೋಕಾಗುತ್ತಾ? ಕೆಲಸದ ಪರಿಸ್ಥಿತಿಯನ್ನೇ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನುವುದನ್ನು ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ವಿವರಿಸಿತು. ಅದರಲ್ಲಿ ಮೂರು ಗುರುತು ಹೇಳಿದ್ದಾರೆ. ಸುಸ್ತು, ಕೆಲಸದಿಂದ ಮನಸ್ಸು ದೂರವಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಮೂರನೆಯದನ್ನು ನಾನು ಒಬ್ಬ ಸಹೋದ್ಯೋಗಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಬಿಪಿ ನೋಡಿ ಬರೆದಿಟ್ಟು, ಮತ್ತೆ ಹೋಗಿ ನೋಡುವರು. ಇಂಜೆಕ್ಷನ್ ತುಂಬಿದ ಮೇಲೆ ಪಕ್ಕದವರಿಗೆ ತೋರಿಸಿ "ಸರಿ ಐತೇನ್ರಿ?" ಅಂತ ಕೇಳುವರು. ಅವರೇ ನಮಗೆಲ್ಲ ಕಲಿಸಿದವರು.

ಆಸ್ಪತ್ರೆಯ ಗೋಡೆ ಹೊರಗೆ ಕೆಲಸ ಮಾಡಿದ ಆಶಾ ಅಕ್ಕಂದಿರ ಮಾತು ಇನ್ನೂ ಬೇರೆ. ಗೋವಾ, ಮಹಾರಾಷ್ಟ್ರದ ಕಡೆ ಗಾರೆ ಕೆಲಸಕ್ಕೆ, ಕಬ್ಬು ಕಡಿಯಲು ಹೋಗಿದ್ದ ನಮ್ಮ ಜನ 2020ರ ಮೇ ತಿಂಗಳಲ್ಲಿ ಊರಿಗೆ ಮರಳಿದರು. ಅವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಇರಿಸಿದರು. ಯಾವ ಮನೆಗೆ ಯಾರು ಬಂದರು, ಯಾರಿಗೆ ಕೆಮ್ಮು ಅಂತ ಬರೆದುಕೊಂಡು ಬರುವುದು ಆಶಾ ಅವರ ಪಾಲಿಗೆ ಬಂತು. ಮಾಸ್ಕ್ ಕೂಡ ತಾವೇ ಹೊಲಿದುಕೊಂಡವರಿದ್ದಾರೆ. ಎಷ್ಟೋ ಮನೆಗಳಲ್ಲಿ ಬಾಗಿಲು ತೆರೆಯಲಿಲ್ಲ, ಬೈದರು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ 7 ವರ್ಷದವರೆಗೆ ಜೈಲು ಅಂತ 2020ರ ಏಪ್ರಿಲ್ 22ಕ್ಕೆ ಸುಗ್ರೀವಾಜ್ಞೆ ಬಂತು. ಜುಲೈನಲ್ಲಿ ಬೆಳಗಾವಿಯಲ್ಲಿ ಆಸ್ಪತ್ರೆ ಮುಂದೆ ಆಂಬುಲೆನ್ಸಿಗೇ ಬೆಂಕಿ ಇಟ್ಟ ಸುದ್ದಿಯನ್ನೂ ನಾವು ಓದಿದೆವು. ಅದೇ ತಿಂಗಳು ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಕೆಲಸ ನಿಲ್ಲಿಸಿದ್ದರು.

ಆ ಮುಷ್ಕರವನ್ನು ಕೆಲವರು ಟೀಕೆ ಮಾಡಿದರು, ಇಂಥ ಹೊತ್ತಲ್ಲಿ ಹೀಗಾ ಅಂತ. ನನಗೆ ಹಾಗನ್ನಿಸಲಿಲ್ಲ. ಪಗಾರದ ಖಾತ್ರಿ ಇಲ್ಲದೆ, ಮೈಗೆ ರಕ್ಷಣೆ ಇಲ್ಲದೆ, ಜನರ ಬೈಗುಳ ತಿನ್ನುತ್ತಾ ಮನಸ್ಸು ಗಟ್ಟಿ ಇಟ್ಟುಕೋ ಅಂದರೆ ಹೇಗೆ? ನಾನು ನೋಡಿದ ಹಾಗೆ ಕೂಡಿ ಕೂತು ಕೂಗಿದ ಮೇಲೆ ನಮ್ಮೂರಿನ ಆಶಾ ಅಕ್ಕಂದಿರ ನಡೆಯೇ ಬದಲಾಗಿತ್ತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಾಗ ಅವರಲ್ಲಿ ಒಬ್ಬರಿಗೆ ಫೋನ್ ಮಾಡಿದೆ. ಸಂತೋಷ ಪಟ್ಟರು. "ಪ್ರಶಸ್ತಿ ಚಲೋ ಆತ್ರಿ. ಪಗಾರ ಯಾವಾಗ ಅಂತ ಯಾರರೆ ಹೇಳಿದ್ರ ಇನ್ನೂ ಚಲೋ ಆಗತಿತ್ತು" ಅಂದರು.

ಈಗ ಆಮೇಲಿನ ಮಾತು. ಅಲೆ ಇಳಿದ ಮೇಲೆ ಹೊರಗಿನವರು ಎಲ್ಲ ಮುಗಿಯಿತು ಅಂದುಕೊಂಡರು. ನಮ್ಮಲ್ಲಿ ಕೆಲವರಿಗೆ ಆಗಲೇ ಶುರುವಾಯಿತು. ಮಾನಿಟರಿನ ಬೀಪ್ ಥರ ಯಾವ ಸದ್ದು ಕೇಳಿದರೂ ಬೆಚ್ಚುವುದು. ಮಕ್ಕಳ ಮೇಲೆ ಸುಮ್ನೆ ರೇಗುವುದು. ರಜೆ ದಿನವೂ ಬೆಳಗಿನ ಮೂರೂವರೆಗೆ ಎಚ್ಚರವಾಗುವುದು. ಇದಕ್ಕೆ ಡಾಕ್ಟರ್ ಹತ್ತಿರ ಹೋಗೋಣ ಅಂದರೆ ನಮ್ಮ ಕಡೆ ಒಂದು ಮಾತಿದೆ. "ಧಾರವಾಡಕ್ಕ ಕಳಸಬೇಕು ಇವ್ರನ್ನ." ಧಾರವಾಡದಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಇದೆ, ಅದಕ್ಕೆ ಈ ಮಾತು. ಇಂದು ಅದೇ ಜಾಗದಲ್ಲಿ ಒಳ್ಳೆಯ ಚಿಕಿತ್ಸೆ ಸಿಗುವ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಆದರೂ ನಗೆಯಾಡುವ ಈ ಮಾತು ಎಷ್ಟು ಜನರ ಬಾಯಿ ಮುಚ್ಚಿಸಿದೆಯೋ! ಎಲ್ಲರ ಜಡ್ಡು ನೋಡುವ ನರ್ಸ್, ತನಗೆ ಜಡ್ಡಾಗಿದೆ ಅಂತ ಹೇಳಲು ನಾಚುತ್ತಾಳೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ. ಮನೋವೈದ್ಯರು ಬರುತ್ತಾರೆ. ರೋಗಿಗಳಿಗೆ ಬಹಳ ಉಪಕಾರವಾಗಿದೆ. ಆದರೆ ತಾನೇ ಕೆಲಸ ಮಾಡುವ ಆಸ್ಪತ್ರೆಯಲ್ಲಿ, ತನ್ನ ರೋಗಿಗಳ ಜೊತೆ, ಎಲ್ಲರ ಕಣ್ಣ ಮುಂದೆ ಆ ಸಾಲಿನಲ್ಲಿ ಯಾವ ನರ್ಸ್ ಕೂರುತ್ತಾಳೆ? ಸಿಬ್ಬಂದಿಗೆ ಬೇರೆ ಊರು, ಬೇರೆ ಹೊತ್ತು ಬೇಕು. ಆ ದೃಷ್ಟಿಯಿಂದ ಫೋನ್ ಒಳ್ಳೆಯದು. 2022ರ ಅಕ್ಟೋಬರ್ 10ರಂದು ಶುರುವಾದ, ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಸಾಕು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ. ನೈಟ್ ಡ್ಯೂಟಿ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಮನಸ್ಸು ಸರಿ ಇಲ್ಲ ಅನ್ನೋದು ಗೊತ್ತಾಗುವುದಾದರೂ ಹೇಗೆ ಅಂತ ಹುಡುಗಿಯರು ಕೇಳುತ್ತಾರೆ. ಪಿಎಚ್‌ಕ್ಯು-9 ಅಂತ, ಖಿನ್ನತೆ ಗುರುತಿಸುವ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗಾಗಿದೆಯಾ, ನಿದ್ದೆ ಹೇಗಿದೆ, ಊಟ ಹೇಗಿದೆ, ನಾನು ಸೋತೆ ಅಂತ ಅನ್ನಿಸುತ್ತದೆಯಾ, ಹೀಗೆ. ಅಂಕ 27ರವರೆಗೆ ಹೋಗುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯಾರನ್ನಾದರೂ ಕಾಣಬೇಕು. ಸತ್ತರೆ ಚೆನ್ನಾಗಿತ್ತು ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಅಂಕ ಕೂಡಿಸುತ್ತಾ ಕೂರಬಾರದು, ಅವತ್ತೇ ಮಾತಾಡಬೇಕು.

ನಮ್ಮ ವಾರ್ಡಿನಲ್ಲಿ ನಾವು ಉಳಿಸಿಕೊಂಡದ್ದು ದೊಡ್ಡದೇನಲ್ಲ. ಹೊಸಬರು ಒಬ್ಬರೇ ನೈಟ್ ಮಾಡುವುದಿಲ್ಲ, ಹಳಬರೊಬ್ಬರು ಜೊತೆ ಇರುತ್ತಾರೆ. ಹೊಸಬರೆಲ್ಲ ಸಿಲಿಂಡರ್ ಬದಲಿಸುವುದನ್ನು ಕೈಯಾರೆ ಕಲಿಯಬೇಕು. ಈಗ ಪೈಪ್‌ಲೈನ್ ಬಂದಿದೆ, ಇನ್ನು ಯಾಕೆ ಅಂತ ಕೆಲವರು ಕೇಳುತ್ತಾರೆ. ಪೈಪ್‌ಲೈನ್ ಕೈಕೊಟ್ಟ ದಿನಕ್ಕೆ ಅಂತ ಹೇಳುತ್ತೇನೆ. ವಾರ್ಡಿನಲ್ಲಿ ಸಾವಾದ ದಿನ, ಡ್ಯೂಟಿ ಮುಗಿದ ಮೇಲೆ ಚಹಾ ಕುಡಿಯುತ್ತಾ ಏನಾಯಿತು ಅಂತ ಮಾತಾಡುತ್ತೇವೆ. ಯಾರ ತಪ್ಪು ಅಂತ ಹುಡುಕುವ ಹಾಗಿಲ್ಲ. ಏನು ಮಾಡಿದೆವು, ಏನು ನಮ್ಮ ಕೈ ಮೀರಿತ್ತು ಅಂತ ಬೇರೆ ಬೇರೆ ಮಾಡಿ ಹೇಳಿಕೊಳ್ಳುವುದು. ಈ ಬೇರೆ ಮಾಡುವ ಕೆಲಸ ಒಬ್ಬರೇ ಕೂತು ಮಾಡಿಕೊಳ್ಳಲು ಬಹಳ ಕಷ್ಟ. ಕೂಡಿ ಕೂತರೆ ಆಗುತ್ತದೆ. 2022ರ ಡಿಸೆಂಬರ್ 27ರಂದು ದೇಶದ ಎಲ್ಲ ಕಡೆ ಕೋವಿಡ್ ಅಣಕು ಪ್ರದರ್ಶನ ಮಾಡಿಸಿದರು. ಆಕ್ಸಿಜನ್ ಇದೆಯಾ, ಹಾಸಿಗೆ ಇದೆಯಾ ಅಂತ ನೋಡಿದರು. ಒಳ್ಳೆಯದೇ. ಮುಂದಿನ ಸಲ ಆ ಪಟ್ಟಿಯಲ್ಲಿ ಸಿಬ್ಬಂದಿಯ ನಿದ್ದೆಗೂ ಒಂದು ಸಾಲು ಇರಲಿ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತಲೇ ಇದೆ. ಆ ಎರಡು ವರ್ಷ ಗುತ್ತಿಗೆ ಮೇಲೆ ನರ್ಸ್‌ಗಳು, ಲ್ಯಾಬ್‌ನವರು, ಸ್ವಚ್ಛತಾ ಕೆಲಸದವರು ನಮ್ಮ ಜೊತೆ ಬಂದರು. ಅವರಿಗೆ ಕೊಟ್ಟದ್ದು ಕೋವಿಡ್ ವಾರ್ಡನ್ನೇ. ಹೆಣ ಸುತ್ತಿ ಕಟ್ಟಿದವರು ಅವರು. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ರೋಗ ಇಳಿದ ಮೇಲೆ ಅವಧಿ ಮುಗಿಯಿತು ಅಂತ ಕಳಿಸಿದರು. ನಾವು ಹಳಬರು ಕೂಡಿ ಚಹಾ ಕುಡಿದು ಹಗುರಾದೆವು. ಅವರಿಗೆ ಕೂಡಿ ಕೂರಲು ವಾರ್ಡೇ ಉಳಿಯಲಿಲ್ಲ. ಕೆಲವರು ಖಾಸಗಿ ನರ್ಸಿಂಗ್ ಹೋಮಿನಲ್ಲಿದ್ದಾರೆ, ಕೆಲವರು ಮದುವೆಯಾಗಿ ಹೋದರು, ಒಬ್ಬಳು ಈ ಕೆಲಸವೇ ಬೇಡ ಅಂತ ಬಟ್ಟೆ ಅಂಗಡಿ ಸೇರಿದಳು. ಸಿಬ್ಬಂದಿಯ ಮನಸ್ಸಿನ ಆರೋಗ್ಯಕ್ಕೆ ಅಂತ ಯಾವ ಕಾರ್ಯಕ್ರಮ ಬಂದರೂ ಅವರು ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಅವರು ಈಗ ಸಿಬ್ಬಂದಿ ಅಲ್ಲ. ಪಗಾರ ಕೊಟ್ಟ ಪಟ್ಟಿ ಕಚೇರಿಗಳಲ್ಲಿ ಇದ್ದೇ ಇರುತ್ತದೆ, ಅದರಲ್ಲಿ ಅವರ ಫೋನ್ ನಂಬರೂ ಇರುತ್ತದೆ. ಇಲಾಖೆಯವರು ಒಂದು ಸಲ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಲಿ. ಅಲ್ಲಿಯವರೆಗೆ ನಮ್ಮ ವಾರ್ಡಿನಲ್ಲಿ ಇದ್ದವರಿಗೆ ನಾವೇ ಮಾಡುತ್ತಿದ್ದೇವೆ. ಇದನ್ನು ಓದುತ್ತಿರುವ ನರ್ಸ್‌ಗಳೇ, ಡಾಕ್ಟರ್‌ಗಳೇ, ನಿಮ್ಮ ಮೊಬೈಲಿನಲ್ಲೂ ಆ ಹುಡುಗ ಹುಡುಗಿಯರ ನಂಬರ್ ಇನ್ನೂ ಇರಬಹುದು. ದಯವಿಟ್ಟು ನೋಡಿ.